ಹುಚ್ಚು ಯಾರಿಗೆ?

‘ಶರಪಂಜರ’ದಲ್ಲಿ ಕಲ್ಪನಾ ಅಭಿನಯ ಅತಿಯಾಯಿತು, ಅದಕ್ಕೆ ಅತ್ತ ಅಂದಿನ ಪ್ರೇಕ್ಷಕರು ಮುಗ್ಧರು ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಲೇಖಕರು ಚಿತ್ರವನ್ನು ಪೂರ್ತಿ ನೋಡಿದಂತಿಲ್ಲ. ಕೂಗಾಟ ಇದೆ, ಒಪ್ಪಿದೆ. ಆದರೆ ಮಾನಸಿಕ ಕಾಯಿಲೆ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಮರಳಿದ ಕಲ್ಪನಾರ ಕಾವೇರಿಯನ್ನು ಗಮನಿಸಿ. ಸುತ್ತಲಿನವರು ಅಂಜಿ ದೂರ ಸರಿಯುವಾಗ, ಗಂಡನೇ ಬೇರೆ ಹೆಣ್ಣಿನತ್ತ ತಿರುಗಿದಾಗ, ತನಗೇನೂ ಆಗಿಲ್ಲವೆಂದು ತೋರಿಸಲು ಅವಳು ಪಡುವ ಪಾಡಿದೆಯಲ್ಲ, ಅದೆಲ್ಲ ಕಣ್ಣಲ್ಲೇ ನಡೆಯುತ್ತದೆ. ಚಿತ್ರಕ್ಕೆ ಆಧಾರವಾದ ತ್ರಿವೇಣಿಯವರ ಕಾದಂಬರಿಯ ಇರಿತವೂ ಅಲ್ಲೇ ಇದೆ.

ಪುಟ್ಟಣ್ಣ ಕಣಗಾಲರ ಈ ಚಿತ್ರ ಬಂದದ್ದು 1971ರಲ್ಲಿ. ನೋಡಿ ಬಂದ ನನ್ನಮ್ಮ ಅಳಲಿಲ್ಲ. ಸಾರಿನ ಪಾತ್ರೆಗೆ ಸೌಟು ಕುಕ್ಕಿ, ‘ಹುಚ್ಚು ಅವಳಿಗಲ್ಲ ಕಣೋ, ಆ ಮನೆಯವರಿಗೆ’ ಎಂದಳು. ಇವರೇ ಆ ಮುಗ್ಧರು! ಲೇಖಕರು ದಯವಿಟ್ಟು ದ್ವಿತೀಯಾರ್ಧವನ್ನು ಇನ್ನೊಮ್ಮೆ ನೋಡಲಿ.