ಬೆಣ್ಣೆಗೂ ಸೆಕೆಯಾಗುತ್ತದೆ

ಡೊಂಬಿವಲಿಯಿಂದ ಕಾಲೇಜು ಹುಡುಗಿಯೊಬ್ಬಳು ಕಾಗದ ಬರೆದಿದ್ದಾಳೆ. ಮುಂದಿನ ತಿಂಗಳು ಅವಳ ಅಜ್ಜಿಗೆ 80 ತುಂಬುತ್ತದೆ. ಅಂಗಡಿಯ ಕೇಕಿನಲ್ಲಿ ಮೊಟ್ಟೆ ಇದ್ದೀತೆಂದು ಅಜ್ಜಿ ಈವರೆಗೆ ಒಂದು ಚೂರನ್ನೂ ಬಾಯಿಗೆ ಹಾಕಿಲ್ಲವಂತೆ. ಅದಕ್ಕಾಗಿಯೇ ಮೊಮ್ಮಗಳು ಮೊಟ್ಟೆಯಿಲ್ಲದ ಕೇಕ್ ಕಲಿತಿದ್ದಾಳೆ. "ರುಚಿ ಚೆನ್ನಾಗಿದೆ ಆಂಟಿ, ಆದರೆ ಮೇಲಿನ ಕ್ರೀಮು ಮಳೆಗಾಲದ ರಸ್ತೆ ಥರ ಕಾಣುತ್ತದೆ" ಎಂಬುದು ಅವಳ ಅಳಲು. ಕಾಗುಣಿತ ಅಲ್ಲಲ್ಲಿ ತಪ್ಪಿದ್ದರೂ ಪೂರ್ತಿ ಕನ್ನಡದಲ್ಲೇ ಬರೆದಿದ್ದಾಳೆ. ಹಾಗಾಗಿ ಈ ಸಲದ ಅಂಕಣ ಅವಳಿಗೇ.

ನನ್ನ ಕಥೆಯನ್ನೂ ಕೇಳಮ್ಮ. 2004ರ ಮೇ ತಿಂಗಳಲ್ಲಿ ಮಗನ ಹುಟ್ಟುಹಬ್ಬಕ್ಕೆಂದು ಮಾಟುಂಗದ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಬಟರ್‌ಕ್ರೀಮ್ ಬಳಿದೆ. ನೆಂಟರು ಬರುವ ಹೊತ್ತಿಗೆ ಅದು ಜಾರಿ ತಟ್ಟೆಯಲ್ಲಿ ಕುಳಿತಿತ್ತು. ಕೇಕ್ ಎಂದರೇನೆಂದೇ ಅರಿಯದ ನನ್ನ ಅತ್ತೆ ಒಮ್ಮೆ ನೋಡಿ, "ಬೇಸಿಗೆಯಲ್ಲಿ ಮೊಸರು ಕಡೆಯುವಾಗ ತಣ್ಣೀರು ಹಾಕುವುದಿಲ್ಲವಾ? ಬೆಣ್ಣೆಗೂ ಸೆಕೆಯಾಗ್ತದೆ ಮಾರಾಯ್ತಿ" ಎಂದರು. ಅಷ್ಟೇ ಸಂಗತಿ. ಇಂಗ್ಲಿಷ್ ಪುಸ್ತಕಗಳು ಹೇಳುವ 'ಕೋಣೆಯ ಉಷ್ಣತೆ' ಸುಮಾರು 20 ಡಿಗ್ರಿ. ನಮ್ಮ ಕೋಣೆಯದು 32. ಅಲ್ಲಿ ಮೆತ್ತಗಾಗುವ ಬೆಣ್ಣೆ ಇಲ್ಲಿ ಕರಗಿಯೇ ಹೋಗುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಮೈ ಎಣ್ಣೆಯಂತೆ ಹೊಳೆಯಬಾರದು. ಹೊಳೆದರೆ ಮರುಮಾತಿಲ್ಲದೆ ಫ್ರಿಜ್ಜಿಗೆ.

7 ಇಂಚಿನ ಕೇಕಿಗೆ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ, ಐಸಿಂಗ್ ಸಕ್ಕರೆ 500 ಗ್ರಾಂ, ಹಾಲು ಒಂದೆರಡು ಚಮಚ. ಮನೆಯಲ್ಲಿ ಕಡೆದ ಬೆಣ್ಣೆ ಬೇಡ. ಅದರಲ್ಲಿ ಉಳಿದ ಮಜ್ಜಿಗೆ ನೀರಿನಿಂದ ಕ್ರೀಮು ಒಡೆಯುತ್ತದೆ. ಮಿಕ್ಸಿಯಲ್ಲಿ ಪುಡಿಮಾಡಿದ ಸಕ್ಕರೆಯೂ ತರಿತರಿಯೇ. ಐಸಿಂಗ್ ಸಕ್ಕರೆಯನ್ನು ಕೂಡ ಎರಡು ಸಲ ಜರಡಿ ಹಿಡಿ. ಮೊದಲು ಬೆಣ್ಣೆಯೊಂದನ್ನೇ ಬೆಳ್ಳಗಾಗುವವರೆಗೆ ಐದು ನಿಮಿಷ ಕಡೆದು, ಆಮೇಲೆ ಸಕ್ಕರೆಯನ್ನು ನಾಲ್ಕು ಕಂತಿನಲ್ಲಿ ಸೇರಿಸು. ಕೊನೆಗೆ ಯಂತ್ರ ಬದಿಗಿಟ್ಟು, ಮರದ ಸೌಟಿನಿಂದ ಕ್ರೀಮನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವು. ನಿನ್ನ 'ರಸ್ತೆ'ಯ ಗುಂಡಿಗಳೆಲ್ಲ ಒಳಗೆ ಸಿಕ್ಕಿಕೊಂಡ ಗಾಳಿಯವು. ಈ ಎರಡು ನಿಮಿಷವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

ಬಳಿಯುವುದು ಗಾರೆ ಕೆಲಸ. ಗೋಡೆಗೆ ಒಂದೇ ಕೈಯಲ್ಲಿ ಗಿಲಾವು ಮುಗಿಯುತ್ತದೆಯೇ? ಕೇಕನ್ನು ಹಿಂದಿನ ದಿನವೇ ಬೇಯಿಸಿ ಪೂರ್ತಿ ಆರಿಸು. ಉಬ್ಬಿದ ನೆತ್ತಿಯನ್ನು ಕೊಯ್ದು, ಬುಡ ಮೇಲೆ ಬರುವಂತೆ ಮಗುಚಿಡು. ಬುಡವೇ ಹೆಚ್ಚು ಸಮ. ಮೊದಲ ಪದರ ತೀರ ತೆಳುವಾಗಿರಲಿ. ಉದುರುವ ಪುಡಿಯನ್ನು ಹಿಡಿದಿಡುವುದಷ್ಟೇ ಅದರ ಕೆಲಸ, ಅಂದ ನೋಡಬೇಡ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮೇಲೆ ಎರಡನೆಯ ಪದರವನ್ನು ಧಾರಾಳವಾಗಿ ಹಚ್ಚು. ಕಡಿಮೆ ಹಚ್ಚಿ ಎಳೆದರೆ ಕೇಕ್ ಇಣುಕುತ್ತದೆ, ಹೆಚ್ಚು ಹಚ್ಚಿ ತೆಗೆದರೆ ನುಣುಪು ಬರುತ್ತದೆ.

ತಿರುಗುವ ಮಣೆ ಇಲ್ಲವೇ? ಬೋರಲು ಹಾಕಿದ ಪಾತ್ರೆಯ ಮೇಲೆ ತಟ್ಟೆಯಿಟ್ಟು ತಿರುಗಿಸು. ಶಾಲೆಯ ಸ್ಟೀಲ್ ಫೂಟುಪಟ್ಟಿ ತೊಳೆದಿಟ್ಟುಕೋ, ಅದೇ ನಿನ್ನ ಕರಣೆ. ಪಟ್ಟಿಯನ್ನು ಬದಿಗೆ ನೇರ ಹಿಡಿದು ಕೈ ಅಲ್ಲಾಡಿಸದೆ ತಟ್ಟೆಯನ್ನು ಮಾತ್ರ ತಿರುಗಿಸು. ಅಂಚಿನಲ್ಲಿ ಏಳುವ ಕ್ರೀಮನ್ನು ಹೊರಗಿನಿಂದ ನಡುವಿಗೆ ಎಳೆ. ಮತ್ತೆ ಕಾಲು ಗಂಟೆ ತಣ್ಣಗಾದ ಮೇಲೆ ಚಾಕುವನ್ನು ಬಿಸಿನೀರಿಗದ್ದಿ, ಒರೆಸಿ, ಹಗುರವಾಗಿ ಒಮ್ಮೆ ಸವರು. ಒರೆಸಲು ಮರೆತರೆ ನೀರಿನ ಗೆರೆ ಉಳಿಯುತ್ತದೆ.

ಫ್ರಿಜ್ಜಿನಿಂದ ತೆಗೆದಾಗ ನಮ್ಮ ಮುಂಬಯಿ ಹವೆಗೆ ಕೇಕ್ ಬೆವರುತ್ತದೆ. ಡಬ್ಬಿಯಲ್ಲೇ ಇಟ್ಟಿದ್ದು ಡಬ್ಬಿ ಮುಚ್ಚಿಯೇ ಹೊರಗಿಡು, ಬೆವರು ಡಬ್ಬಿಗೆ ಹತ್ತಲಿ. ಇಪ್ಪತ್ತು ನಿಮಿಷ ಬಿಟ್ಟು ಕೊಯ್ಯಿ. ತಣ್ಣನೆಯ ಕ್ರೀಮು ಗಟ್ಟಿ, ಅಜ್ಜಿಗೆ ರುಚಿ ಹತ್ತುವುದಿಲ್ಲ. ಮೊದಲ ತುಂಡು ಅವರಿಗೆ. ಏನಂದರೆಂದು ಬರೆ.