ವೇಗದ ಕಾರು ಮತ್ತು ಅಂಗೈಯಗಲದ ಆಧಾರ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಎರಡನೆಯ ತಲೆಮಾರು ಇಂದು ಲೋಕಲ್ ರೈಲಿನ ಪಾಸಿನ ಜೊತೆಗೆ ಕಾರಿನ ಕೀಲಿಕೈಯನ್ನೂ ಹಿಡಿದಿದೆ. ಅದೂ ಬರಿಯ ಕಾರಲ್ಲ. ಓಟಕ್ಕೂ ನೋಟಕ್ಕೂ ಚುರುಕಾದ ಕಾರು. ದುಡಿಮೆಯ ಫಲವನ್ನು ಅನುಭವಿಸುವುದು ತಪ್ಪಲ್ಲ. ಆದರೆ ಬಣ್ಣ, ಎಂಜಿನ್ನಿನ ಶಕ್ತಿ, ಸಂಗೀತದ ಸಲಕರಣೆಗಳ ಕುರಿತು ವಾರಗಟ್ಟಲೆ ಚರ್ಚಿಸುವವರು ಟೈರಿನ ಆಯ್ಕೆಯನ್ನು ಮಾತ್ರ ಅಂಗಡಿಯವನ ಮಾತಿಗೆ ಬಿಟ್ಟುಬಿಡುವುದು ಕಳವಳಪಡಬೇಕಾದ ಸಂಗತಿ. ಕಾರು ಎಷ್ಟೇ ಬೆಲೆಬಾಳಲಿ, ಪ್ರತಿಯೊಂದು ಟೈರೂ ರಸ್ತೆಯನ್ನು ಮುಟ್ಟುವುದು ಸುಮಾರು ಅಂಗೈಯಗಲದ ಜಾಗದಲ್ಲಿ ಮಾತ್ರ. ಓಟ, ತಿರುವು, ನಿಲುಗಡೆ ಮೂರಕ್ಕೂ ಆ ನಾಲ್ಕು ಅಂಗೈಗಳೇ ಆಧಾರ. ಆದಕಾರಣ ಟೈರಿನ ಆಯ್ಕೆಯು ಅಲಂಕಾರದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳೇ ಅದರ ಜಾತಕ. ಉದಾಹರಣೆಗೆ 205/55 ಆರ್ 16 91 ವಿ ಎಂದಿದ್ದರೆ, ಟೈರಿನ ಅಗಲ 205 ಮಿಲಿಮೀಟರ್. ಪಕ್ಕದ ಎತ್ತರ ಆ ಅಗಲದ ಶೇಕಡಾ 55. 'ಆರ್' ಎಂದರೆ ರೇಡಿಯಲ್ ರಚನೆ. ರಿಮ್ಮಿನ ವ್ಯಾಸ 16 ಅಂಗುಲ. 91 ಎಂಬುದು ಒಂದು ಟೈರು 615 ಕಿಲೋ ಭಾರ ಹೊರಬಲ್ಲದೆಂಬ ಸಂಕೇತ. 'ವಿ' ಎಂದರೆ ಗಂಟೆಗೆ 240 ಕಿಲೋಮೀಟರ್ ವೇಗದ ಮಿತಿ. ಅಂಥ ವೇಗಕ್ಕೆ ಇಲ್ಲಿನ ಯಾವ ರಸ್ತೆಯಲ್ಲಿಯೂ ಅನುಮತಿಯಿಲ್ಲವೆಂಬುದು ನಿಜ. ಆದರೂ ತಯಾರಕರು ಸೂಚಿಸಿದ ಭಾರದ ಅಂಕಿ ಮತ್ತು ವೇಗದ ಅಕ್ಷರಕ್ಕಿಂತ ಕೆಳಗಿಳಿಯಬಾರದು. ಆ ಅಕ್ಷರವು ಟೈರು ತಾಳಬಲ್ಲ ಕಾವಿನ ಅಳತೆಯೂ ಹೌದು.

ಈಗಿನ ತರುಣರ ಮೋಹ ದೊಡ್ಡ ರಿಮ್ಮು, ಅಗಲವಾದ ಟೈರು. ಮೇಲೆ ಹೇಳಿದ ಟೈರಿಗೆ ಬದಲಾಗಿ 18 ಅಂಗುಲದ ರಿಮ್ಮಿಗೆ 225/40 ಅಳತೆಯ ಟೈರನ್ನು ತೊಡಿಸಿದರೆ ಪಕ್ಕದ ಎತ್ತರ ಸುಮಾರು 113 ಮಿಲಿಮೀಟರಿನಿಂದ 90ಕ್ಕೆ ಇಳಿಯುತ್ತದೆ. ಒಣಗಿದ, ನುಣುಪಾದ ಪಂದ್ಯದ ಹಾದಿಯಲ್ಲಿ ಇದರಿಂದ ಹಿಡಿತವೂ ತಿರುವಿನ ಬಿಗುವೂ ಹೆಚ್ಚುವುದನ್ನು ಅಲ್ಲಗಳೆಯಲಾಗದು. ಆದರೆ ಈ ಕಾರುಗಳು ಓಡಬೇಕಾದದ್ದು ಘೋಡ್‌ಬಂದರ್ ರಸ್ತೆಯಲ್ಲಿ, ಕಲ್ಯಾಣ್-ಶಿಳ್ ರಸ್ತೆಯಲ್ಲಿ. ಮಳೆಗಾಲದ ಹೊಂಡಕ್ಕೆ ಬಿದ್ದಾಗ ಪೆಟ್ಟನ್ನು ನುಂಗಬೇಕಾದದ್ದು ಟೈರಿನ ಪಕ್ಕದ ಎತ್ತರವೇ. ಅದು ಕುಗ್ಗಿದಷ್ಟೂ ರಿಮ್ಮು ಬಾಗುವ, ಟೈರಿನ ಪಕ್ಕ ಉಬ್ಬಿ ಒಡೆಯುವ ಅಪಾಯ ಹೆಚ್ಚು. ಉಳಿದ ಪೆಟ್ಟು ಹಿಂದಿನ ಆಸನದಲ್ಲಿ ಕುಳಿತ ವೃದ್ಧ ತಾಯಿತಂದೆಯರ ಬೆನ್ನುಮೂಳೆಗೆ ಸಲ್ಲುತ್ತದೆ.

ನೀರಿನ ಅಪಾಯ ಇನ್ನೂ ದೊಡ್ಡದು. ವಾಶಿಯಿಂದ ಬೇಲಾಪುರದತ್ತ ಸಾಗುವ ಪಾಮ್ ಬೀಚ್ ರಸ್ತೆಯಂಥ ವಿಶಾಲವಾದ ಹಾದಿಯಲ್ಲಿ ಮಳೆನೀರು ನಿಂತಿರುವಾಗ ವೇಗವಾಗಿ ಹೋದರೆ, ಟೈರು ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಬ್ರೇಕೂ ಸ್ಟಿಯರಿಂಗೂ ನಿರರ್ಥಕವಾಗುತ್ತವೆ. ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು 1960ರ ದಶಕದಲ್ಲಿ ರೂಪಿಸಿದ ಸೂತ್ರದಂತೆ, ಟೈರಿನ ಕಾಲುವೆಗಳು ಹೊರಹಾಕಲಾರದಷ್ಟು ನೀರಿದ್ದರೆ 32 ಪೌಂಡ್ ಗಾಳಿಯ ಟೈರು ಸುಮಾರು 94 ಕಿಲೋಮೀಟರ್ ವೇಗಕ್ಕೆ ತೇಲಲಾರಂಭಿಸುತ್ತದೆ. ಗಾಳಿ 24 ಪೌಂಡಿಗೆ ಇಳಿದಿದ್ದರೆ 82ಕ್ಕೇ. ಅಗಲವಾದ ಟೈರು ಹೆಚ್ಚು ನೀರನ್ನು ಸರಿಸಬೇಕಾದುದರಿಂದ ಬೇಗನೆ ತೇಲುತ್ತದೆ. ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ಈ ಪ್ರದೇಶದಲ್ಲಿ ಕಾರಿನ ತಯಾರಕರು ಹೇಳಿದ ಅಳತೆಯಲ್ಲೇ ಉಳಿದು, ಒದ್ದೆ ರಸ್ತೆಯಲ್ಲಿ ಹಿಡಿತವುಳ್ಳ, ಆಳವಾದ ಕಾಲುವೆಗಳ ಟೈರನ್ನು ಕೊಳ್ಳುವುದೇ ವಿವೇಕ. ಒದ್ದೆ ರಸ್ತೆಯ ಹಿಡಿತಕ್ಕೆ ಮಾನದಂಡವನ್ನು ವಿಧಿಸಿ ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿರುವುದೂ ಈ ಗುಣದ ಮಹತ್ವವನ್ನು ಮನಗಂಡೇ.

ದೋಷ ತರುಣರದ್ದು ಮಾತ್ರವಲ್ಲ. "ಇನ್ನೊಂದು ಮಳೆಗಾಲ ತಡೆದೀತು" ಎನ್ನುವ ಹಿರಿಯರ ಮಿತವ್ಯಯವೂ ಅಷ್ಟೇ ಅಪಾಯಕಾರಿ. ಕಾನೂನಿನ ಪ್ರಕಾರ ಕಾರಿನ ಟೈರಿನ ಕಾಲುವೆ ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ಇಲ್ಲಿನ ಮಳೆಗೆ 3 ಮಿಲಿಮೀಟರಿಗೇ ಬದಲಾಯಿಸುವುದು ಲೇಸು. ಔಷಧದ ಸೀಸೆಯ ಮೇಲಿನ ತಾರೀಖನ್ನು ಕನ್ನಡಕ ಹಾಕಿಕೊಂಡು ಓದುವವರು ಟೈರಿನ ತಾರೀಖನ್ನು ಓದುವುದಿಲ್ಲ. ಅದರ ಪಕ್ಕದಲ್ಲಿ 2423 ಎಂದಿದ್ದರೆ 2023ನೆಯ ಇಸವಿಯ 24ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಓಡಲಿ, ನಿಂತಿರಲಿ, ರಬ್ಬರು ಮುಪ್ಪಾಗುತ್ತಲೇ ಇರುತ್ತದೆ. ಎರಡೇ ಹೊಸ ಟೈರು ಕೊಳ್ಳುವುದಾದರೆ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿದರೆ ಹತೋಟಿಗೆ ತರುವುದು ಕಷ್ಟ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಸಾಮಾನ್ಯ ವಿಮೆಯಲ್ಲಿ ಟೈರು ಮಾತ್ರ ಒಡೆದರೆ ಪರಿಹಾರವಿಲ್ಲ. ಕಾರಿಗೂ ಹಾನಿಯಾಗಿದ್ದರೆ ಟೈರಿನ ಬೆಲೆಯ ಅರ್ಧ ಮಾತ್ರ. ವ್ಯಾಪಾರಸ್ಥರು ಯಂತ್ರಗಳಿಗೆ ಸವಕಳಿಯ ಲೆಕ್ಕವಿಡುವಂತೆ, ಕಾರಿನ ಸಾಲದ ಕಂತಿನ ಜೊತೆಯಲ್ಲಿ ಟೈರಿಗೆಂದು ತಿಂಗಳಿಗಿಷ್ಟು ತೆಗೆದಿಟ್ಟರೆ, ಕಾಲ ಬಂದಾಗ ಕೈ ಹಿಂಜರಿಯುವುದಿಲ್ಲ.

ಗಣೇಶ ಚತುರ್ಥಿಗೆ ಪನ್ವೇಲಿನಿಂದ ಕಶೇಡಿ ಘಾಟಿಯ ಮಾರ್ಗವಾಗಿ ಕರಾವಳಿಗೆ, ನಾಗಪಂಚಮಿಗೆ ಸಾತಾರಾ, ನಿಪ್ಪಾಣಿಗಳ ಮಾರ್ಗವಾಗಿ ಬೆಳಗಾವಿ, ಧಾರವಾಡಗಳಿಗೆ ಹೊರಡುವ ಕಾರುಗಳಲ್ಲಿ ಇಡೀ ಸಂಸಾರವೇ ಕುಳಿತಿರುತ್ತದೆ. 2023ರಲ್ಲಿ ಸಮೃದ್ಧಿ ಮಹಾಮಾರ್ಗದಲ್ಲಿ ಸವೆದ ಟೈರಿನ ವಾಹನಗಳನ್ನು ಅಧಿಕಾರಿಗಳು ಪ್ರವೇಶದಲ್ಲೇ ತಡೆದರು. ಎಲ್ಲ ಹೆದ್ದಾರಿಗಳಲ್ಲೂ ಅಂಥ ಕಾವಲಿರುವುದಿಲ್ಲ. ಆ ಕೆಲಸವನ್ನು ಮನೆಯವರೇ ಮಾಡಬೇಕು. ಪ್ರತಿವರ್ಷ ಮೃಗಶಿರಾ ಮಳೆಗೆ ಮುನ್ನ ನಾಲ್ಕು ಟೈರುಗಳನ್ನೂ ಸ್ಟೆಪ್ನಿಯನ್ನೂ ಪರೀಕ್ಷಿಸಲಿ. ತಿಂಗಳಿಗೆರಡು ಬಾರಿ, ಟೈರು ತಣ್ಣಗಿರುವಾಗ, ಗಾಳಿಯನ್ನು ಅಳೆಸಲಿ. ಊರಿನಲ್ಲಿ ದಾರಿ ಕಾಯುವವರಿಗೆ ಮಗನ ಕಾರು ಎಷ್ಟು ಬೇಗ ಬಂದಿತೆಂಬುದು ಮುಖ್ಯವಲ್ಲ. ಅವನು ಸುಖವಾಗಿ ಬಂದು ತಲುಪುವುದು ಮುಖ್ಯ.