ಏರಿಗೆ ಗೇರು, ಇಳಿಜಾರಿಗೆ ಬ್ರೇಕು

ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯನ್ನು 2006-07ರಲ್ಲಿ ಆರಂಭಿಸಿತು. ಆ ಸೈಕಲ್ಲುಗಳಿಗೆ ಗೇರಿರಲಿಲ್ಲ. ಬಯಲುಸೀಮೆಯ ರಸ್ತೆಗೆ ಅವು ತಕ್ಕವು. ಘಟ್ಟದ ಏರಿನಲ್ಲಿ ಮಾತ್ರ ಸವಾರ ಇಳಿದು ತಳ್ಳಲೇಬೇಕಾಗಿತ್ತು. ಈಗ ಮಲೆನಾಡಿನ ವಿದ್ಯಾರ್ಥಿಗಳು ಅಷ್ಟಿಷ್ಟು ಹಣ ಕೂಡಿಟ್ಟು ಪೇಟೆಯಿಂದ ಮೌಂಟನ್ ಬೈಕ್ ತರುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಆ ಹಣ ಸಲ್ಲಬೇಕಾದ ಕಡೆಗೆ ಸಲ್ಲುತ್ತಿಲ್ಲ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮುಂದೆಯೂ ಹಿಂದೆಯೂ ಇರುವ ಶಾಕ್ ಅಬ್ಸಾರ್ಬರ್. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಇದು ಬಹುಮಟ್ಟಿಗೆ ಅಲಂಕಾರ. ಭಾರವಂತೂ ಹೆಚ್ಚುತ್ತದೆ, ಏರಿನಲ್ಲಿ ಎದ್ದು ನಿಂತು ತುಳಿದಾಗ ಕಾಲಿನ ಬಲದ ಒಂದು ಪಾಲು ಸ್ಪ್ರಿಂಗನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಹಿಂದಿನ ಶಾಕ್ ಇಲ್ಲದ ಗಟ್ಟಿ ಫ್ರೇಮನ್ನು ಆರಿಸಿ, ಉಳಿದ ಹಣವನ್ನು ಬ್ರೇಕಿಗೂ ಗೇರಿಗೂ ಇಡುವುದು ವಿವೇಕ.

ಈ ಸೈಕಲ್ಲಿನ ಹುಟ್ಟೇ ಇದಕ್ಕೆ ಸಾಕ್ಷಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಮಲ್‌ಪೈಸ್ ಬೆಟ್ಟದ ಆಸುಪಾಸಿನ ತರುಣರು 1970ರ ದಶಕದಲ್ಲಿ ಹಳೆಯ, ಭಾರವಾದ ಸೈಕಲ್ಲುಗಳನ್ನೇರಿ ಮಣ್ಣಿನ ದಾರಿಯಲ್ಲಿ ಇಳಿಯುತ್ತಿದ್ದರು. ತಳ ಮುಟ್ಟುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿದ್ದ ಬ್ರೇಕು ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಿಯೇ ಮುಂದಿನ ಇಳಿತ. 1976ರಲ್ಲಿ ಅಲ್ಲಿ ಆರಂಭವಾದ ಸ್ಪರ್ಧೆಗೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದು ಇದರಿಂದಲೇ. ಆ ತರುಣರು ಸುಧಾರಿಸಿಕೊಂಡದ್ದು ಬ್ರೇಕು ಮತ್ತು ಗೇರುಗಳನ್ನು. ಶಾಕ್ ಬಂದದ್ದು ಹಲವು ವರ್ಷಗಳ ಬಳಿಕ.

ಮಲೆನಾಡಿನ ಮಳೆಗಾಲದಲ್ಲಿ ರಿಮ್ಮನ್ನು ಹಿಡಿಯುವ ಬ್ರೇಕಿಗೆ ಕೆಮ್ಮಣ್ಣಿನ ಕೆಸರೇ ಶತ್ರು. ಅದರೊಳಗಿನ ಮರಳು ಬ್ರೇಕಿನ ರಬ್ಬರನ್ನೂ ರಿಮ್ಮನ್ನೂ ಅರೆಯುತ್ತದೆ. ಚಕ್ರ ಒದ್ದೆಯಾದಾಗ ಹಿಡಿತ ತಡವಾಗುತ್ತದೆ. ಹೊಸದಾಗಿ ಕೊಳ್ಳುವವರು ಕೇಬಲ್ಲಿನ ಡಿಸ್ಕ್ ಬ್ರೇಕನ್ನೇ ಕೇಳಬೇಕು. ಇರುವ ಸೈಕಲ್ಲಿನಲ್ಲಿಯೇ ಸುಧಾರಿಸಿಕೊಳ್ಳುವವರು ಮಳೆ ಹಿಡಿಯುವ ಮುನ್ನ ರಬ್ಬರನ್ನೂ ಕೇಬಲ್ಲನ್ನೂ ಬದಲಿಸಬೇಕು. ಬೇರೆಲ್ಲ ಖರ್ಚನ್ನು ಮುಂದೂಡಬಹುದು, ಇದನ್ನಲ್ಲ. ಘಟ್ಟದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಶಾಕ್ ಕಾಯುವುದಿಲ್ಲ.

ಗೇರೆಂದರೆ ಹಲ್ಲಿನ ಎಣಿಕೆ. ‘ಇಪ್ಪತ್ತೊಂದು ಗೇರು’ ಎಂಬ ಅಂಗಡಿಯ ಮಾತಿನಿಂದ ಏರು ಹತ್ತಲಾಗದು. ಮುಂದಿನ ಸಣ್ಣ ಚಕ್ರದಲ್ಲಿ 28, ಹಿಂದಿನ ದೊಡ್ಡದರಲ್ಲಿಯೂ 28 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದು ಸುತ್ತು. ಹಿಂದೆ 34 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಅದು ಸುಮಾರು 0.82 ಸುತ್ತಿಗೆ ಇಳಿಯುತ್ತದೆ. ಕಾಲಿಗೆ ಅಷ್ಟು ಹಗುರ. ಗೇರು ಬದಲಿಸುವ ಡಿರೈಲರ್ 34 ಹಲ್ಲಿಗೆ ಹೊಂದುವುದೇ, ಚೈನಿನ ಉದ್ದ ಸಾಲುವುದೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಚೈನನ್ನು ಒಂದಡಿಯ ಪಟ್ಟಿಯಿಂದ ಅಳೆಯಬಹುದು. ಹೊಸ ಚೈನಿನ 24 ಪಿನ್ನುಗಳ ಅಂತರ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಹೆಚ್ಚಿದಾಗ ಚೈನನ್ನು ಬದಲಿಸಿದರೆ ಹಲ್ಲುಚಕ್ರಗಳು ಉಳಿಯುತ್ತವೆ. ಎಂಟನೆಯ ಒಂದು ಪಾಲಿನವರೆಗೆ ಬಿಟ್ಟರೆ ಫ್ರೀವೀಲೂ ಸವೆದಿರುತ್ತದೆ, ಖರ್ಚು ಇಮ್ಮಡಿಸುತ್ತದೆ. ಮಳೆಯಲ್ಲಿ ಬಂದ ದಿನ ಚೈನನ್ನು ಒರೆಸಿ ಒಂದೆರಡು ಹನಿ ಎಣ್ಣೆ ಬಿಡಬೇಕು. ಡಿಸ್ಕಿಗೆ ಎಣ್ಣೆ ತಾಗಬಾರದು. ಕೆಲವರು ಡೀಸೆಲ್ ಹಾಕಿ ಚೈನು ತೊಳೆಯಲು ಹಳ್ಳಕ್ಕೇ ಇಳಿಯುತ್ತಾರೆ. ಆ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆ.

ಸೀಟಿನ ಎತ್ತರಕ್ಕೆ ಕಾಸಿಲ್ಲ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಿರಬೇಕು. ಸ್ಪ್ಯಾನರು ಪಕ್ಕದ ಮನೆಯಲ್ಲಿಯೂ ಸಿಕ್ಕೀತು.